ಒಬ್ಬರೇ ಕೂತು ಟ್ರಾನ್ಸ್‌ಡಿಸಿಪ್ಲಿನರಿ ಆನರ್ಸ್ ಥೀಸಿಸ್ ಮುಗಿಸುವುದು ಹೇಗೆ: ಪ್ರಶ್ನೆ ಹುಡುಕುವುದರಿಂದ ವೈವಾವರೆಗೆ

ಆನರ್ಸ್ ಥೀಸಿಸ್‌ಗೆ, ಅಂದರೆ ಪದವಿಯ ಕೊನೆಯಲ್ಲಿ ಬರೆಯುವ ಸಂಶೋಧನಾ ಪ್ರಬಂಧಕ್ಕೆ, ವಿಷಯ ಹುಡುಕುತ್ತಾ ಬರುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲು ವಿಭಾಗಗಳ ಹೆಸರು ಹೇಳುತ್ತಾರೆ. "ಸೈಕಾಲಜಿ, ಡಿಸೈನ್, ಡೇಟಾ ಸೈನ್ಸ್ ಮೂರನ್ನೂ ಸೇರಿಸಿ ಏನಾದರೂ ಮಾಡಬೇಕು ಅಂತಿದ್ದೀನಿ." ಏನು ಮಾಡಬೇಕು ಅಂತ ಕೇಳಿದರೆ ಸುಮ್ಮನಾಗುತ್ತಾರೆ. ಉತ್ಸಾಹ ನಿಜವಾದದ್ದೇ. ಆದರೆ ಯಾವ ಊರಿಗೆ ಹೋಗಬೇಕು ಅಂತ ತೀರ್ಮಾನಿಸದೆ ಮೂರು ಬಸ್ಸಿಗೆ ಟಿಕೆಟ್ ತೆಗೆದ ಹಾಗಾಗಿರುತ್ತದೆ.

ಹಲವು ವಿಭಾಗಗಳನ್ನು ಸೇರಿಸುವ ಇಂಥ ಥೀಸಿಸ್‌ನಲ್ಲಿ ಪ್ರಶ್ನೆಯೇ ಯಜಮಾನ. ವಿಭಾಗಗಳು ಅದಕ್ಕಾಗಿ ದುಡಿಯುವವು. ಅವು ಎಲ್ಲಿ, ಯಾವ ಪುಟದಲ್ಲಿ ಒಂದಕ್ಕೊಂದು ಸೇರುತ್ತವೆ ಅನ್ನುವುದನ್ನು ಮೊದಲ ತಿಂಗಳಲ್ಲೇ ಯೋಚಿಸಿದವರ ಥೀಸಿಸ್ ನಿಲ್ಲುತ್ತದೆ. ಕೊನೆಗೆ ನೋಡೋಣ ಅಂದವರ ಕೈಯಲ್ಲಿ ಮೂರು ಚಿಕ್ಕ ಚಿಕ್ಕ ಥೀಸಿಸ್‌ಗಳು ಉಳಿಯುತ್ತವೆ.

ಮೊದಲು ಮಾತು ಸ್ಪಷ್ಟ ಮಾಡಿಕೊಳ್ಳೋಣ

ಹಲವು ವಿಭಾಗಗಳು ಒಂದೇ ವಿಷಯವನ್ನು ಅಕ್ಕಪಕ್ಕ ಕೂತು ನೋಡಿದರೆ ಅದು ಬಹುಶಿಸ್ತೀಯ. ಒಂದರ ವಿಧಾನ ಇನ್ನೊಂದಕ್ಕೆ ಹೋಗಿ, ಎರಡೂ ಬೆರೆತರೆ ಅಂತರಶಿಸ್ತೀಯ. ಟ್ರಾನ್ಸ್‌ಡಿಸಿಪ್ಲಿನರಿ ಇನ್ನೂ ಒಂದು ಹೆಜ್ಜೆ ಮುಂದೆ. ಇಂದು ಹೆಚ್ಚಿನವರು ಬಳಸುವ ಅರ್ಥದಲ್ಲಿ, ಯೂನಿವರ್ಸಿಟಿಯ ಹೊರಗಿನ ಜನರ ತಿಳುವಳಿಕೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಸಮಸ್ಯೆಯನ್ನು ದಿನಾ ಅನುಭವಿಸುವವರು ಮಾಹಿತಿ ಕೊಡುವವರಷ್ಟೇ ಅಲ್ಲ, ಪ್ರಶ್ನೆ ಕಟ್ಟುವುದರಲ್ಲೂ ಅವರ ಕೈ ಇರುತ್ತದೆ. ಈ ಪದ 1970ರಲ್ಲಿ ಫ್ರಾನ್ಸಿನ ನೀಸ್ ನಗರದ ಒಂದು ವಿಚಾರ ಸಂಕಿರಣದಲ್ಲಿ ಸ್ವಿಸ್ ಮನೋವಿಜ್ಞಾನಿ ಜೀನ್ ಪಿಯಾಜೆ ಅಂಥವರ ಮಾತಿನಲ್ಲಿ ಬಂತು. ಆಗ ಅದು ಹೆಚ್ಚಾಗಿ ಜ್ಞಾನದ ಗಡಿಗಳ ಬಗ್ಗೆ ಇದ್ದ ಕನಸು. ಹೊರಗಿನ ಜನರನ್ನು ಸೇರಿಸಿಕೊಳ್ಳುವ ಅರ್ಥ ಗಟ್ಟಿಯಾದದ್ದು ನಂತರ.

ನನಗೆ ಇದಕ್ಕೆ ತುಂಬಾ ಇಷ್ಟವಾದ ಉದಾಹರಣೆ ಆ ಪದ ಹುಟ್ಟುವುದಕ್ಕೂ ನೂರಕ್ಕೂ ಹೆಚ್ಚು ವರ್ಷ ಹಿಂದಿನದು. 1854ರಲ್ಲಿ ಲಂಡನ್ನಿನ ಸೋಹೋದಲ್ಲಿ ಕಾಲರಾ ಬಂದಾಗ ವೈದ್ಯ ಜಾನ್ ಸ್ನೋ, ಸಾವುಗಳು ಎಲ್ಲೆಲ್ಲಿ ಆದವು ಅಂತ ವಿಚಾರಿಸಿ, ಬ್ರಾಡ್ ಸ್ಟ್ರೀಟ್‌ನ ನೀರಿನ ಪಂಪಿನ ಕಡೆ ಬೆರಳು ತೋರಿಸಿದರು. ಆಮೇಲೆ ಅವನ್ನು ನಕ್ಷೆಯಲ್ಲೂ ಗುರುತಿಸಿದರು. ಈ ಅರ್ಧ ಕಥೆ ಎಲ್ಲರಿಗೂ ಗೊತ್ತು. ಇನ್ನರ್ಧದಲ್ಲಿ ಹೆನ್ರಿ ವೈಟ್‌ಹೆಡ್ ಅನ್ನುವ ಯುವ ಪಾದ್ರಿ ಬರುತ್ತಾರೆ. ಅವರಿಗೆ ಸ್ನೋ ಮಾತಿನ ಮೇಲೆ ನಂಬಿಕೆ ಇರಲಿಲ್ಲ. ಅದು ತಪ್ಪು ಅಂತ ತೋರಿಸಲು ಹೊರಟರು. ಅಲ್ಲಿನ ಮನೆಗಳೆಲ್ಲ ಅವರಿಗೆ ಪರಿಚಯ. ಮತ್ತೆ ಮತ್ತೆ ಹೋಗಿ ವಿಚಾರಿಸಿದರು. ಕೊನೆಗೆ ಪಂಪಿನ ಪಕ್ಕದ ಮನೆಯ ಒಂದು ಮಗುವಿನ ಕಾಯಿಲೆಯವರೆಗೆ ಜಾಡು ಹಿಡಿದರು. ಆ ಮಗುವಿನ ಬಟ್ಟೆ ಒಗೆದ ನೀರು ಬಾವಿಗೆ ಹತ್ತಿರವೇ ಇದ್ದ ಕೊಳಚೆ ಗುಂಡಿಗೆ ಹೋಗಿತ್ತು. ವೈದ್ಯರ ನಕ್ಷೆ ಮತ್ತು ಪಾದ್ರಿಯ ಪರಿಚಯ, ಎರಡರಲ್ಲಿ ಯಾವುದೇ ಒಂದನ್ನು ತೆಗೆದರೂ ಆ ತಿಳುವಳಿಕೆ ಅಪೂರ್ಣ. ಅದೂ ಒಪ್ಪದೇ ಇದ್ದವರಿಂದ ಬಂದ ತಿಳುವಳಿಕೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪ್ರಶ್ನೆ ಕಟ್ಟುವುದು

ಇಡೀ ಬರಹಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಲ್ಪಿಸಿಕೊಂಡ ಥೀಸಿಸ್ ಇದು: ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿ ಸದ್ದು.

"ಆಸ್ಪತ್ರೆಯ ಸದ್ದು" ಅನ್ನುವುದು ವಿಷಯ, ಪ್ರಶ್ನೆಯಲ್ಲ. "ಸದ್ದಿನಿಂದ ರೋಗಿಗಳಿಗೆ ತೊಂದರೆ ಆಗುತ್ತದೆಯೇ?" ಅನ್ನುವುದು ಪ್ರಶ್ನೆ, ಆದರೆ ಅದಕ್ಕೆ ಉತ್ತರ ಆಗಲೇ ಇದೆ. ಫ್ಲಾರೆನ್ಸ್ ನೈಟಿಂಗೇಲ್ ನರ್ಸಿಂಗ್ ಬಗ್ಗೆ ಬರೆದ ಪುಸ್ತಕದಲ್ಲಿ ಸದ್ದಿಗೇ ಒಂದು ಅಧ್ಯಾಯ ಇಟ್ಟಿದ್ದರು. ಇನ್ನೂ ಹತ್ತಿರ ಹೋಗಿ. "ರಾತ್ರಿ ಪಾಳಿಯ ನರ್ಸ್‌ಗಳು ಯಾವ ಸದ್ದನ್ನು ತಡೆಯಬಹುದಾದದ್ದು ಅಂತ ಭಾವಿಸುತ್ತಾರೆ? ಮೀಟರ್ ಅಳೆದ ಸದ್ದಿನ ಜೊತೆ ಅದು ಎಷ್ಟು ಹೊಂದುತ್ತದೆ?" ಈಗ ಕೆಲಸ ಶುರು ಮಾಡಬಹುದು. ಒಬ್ಬರಿಂದ ಒಂದು ವರ್ಷದಲ್ಲಿ ಆಗುವಂಥದ್ದು ಇದು.

ಪ್ರಶ್ನೆ ಸರಿ ಇದೆಯೇ ಅಂತ ನೋಡಲು ನಾನು ಹೇಳುವ ಪರೀಕ್ಷೆ ಸರಳ. ಒಂದೊಂದೇ ವಿಭಾಗವನ್ನು ಕೈಯಿಂದ ಮುಚ್ಚಿ ಪ್ರಶ್ನೆ ಓದಿ. ಅದಿಲ್ಲದೆಯೂ ಉತ್ತರ ಸಿಗುತ್ತದೆ ಅಂದರೆ ಆ ವಿಭಾಗ ಬೇಡ, ತೆಗೆಯಿರಿ. ನಮ್ಮ ಉದಾಹರಣೆಯಲ್ಲಿ ಶಬ್ದ ವಿಜ್ಞಾನ ತೆಗೆದರೆ ಅಳತೆ ಇಲ್ಲ. ನರ್ಸಿಂಗ್ ತೆಗೆದರೆ ಯಾವ ಸದ್ದು ಯಾಕೆ ಬರುತ್ತದೆ ಅಂತಲೇ ಗೊತ್ತಾಗುವುದಿಲ್ಲ. "ವಾಸ್ತುಶಿಲ್ಪವನ್ನೂ ಸೇರಿಸೋಣ, ಚೆನ್ನಾಗಿ ಕಾಣುತ್ತೆ" ಅನ್ನಿಸಬಹುದು. ಅದನ್ನು ಮುಚ್ಚಿ ಓದಿದರೆ ಪ್ರಶ್ನೆಗೆ ಏನೂ ಆಗುವುದಿಲ್ಲ. ಬಿಟ್ಟುಬಿಡಿ. ಹೀಗೆ ಬಿಡುವುದು ನಿಜಕ್ಕೂ ಕಷ್ಟ. ಆಸಕ್ತಿ ಇರುವವರಿಗೇ ಜಾಸ್ತಿ ಕಷ್ಟ. ಬಿಟ್ಟದ್ದನ್ನೆಲ್ಲ ಒಂದು ಫೈಲಿನಲ್ಲಿ ಬರೆದಿಡಿ. "ಮುಂದಿನ ಸಂಶೋಧನೆ" ಅನ್ನುವ ಭಾಗ ಬರೆಯುವಾಗ ಅದೇ ಕೈಹಿಡಿಯುತ್ತದೆ.

ಒಂದು ಮನೆ, ಉಳಿದವರು ನೆಂಟರು

ಟ್ರಾನ್ಸ್‌ಡಿಸಿಪ್ಲಿನರಿ ಕೆಲಸವನ್ನು ಸಾಮಾನ್ಯವಾಗಿ ತಂಡಗಳು ಮಾಡುತ್ತವೆ. ನೀವು ಒಬ್ಬರೇ. ಮೂರು ವಿಭಾಗಗಳಲ್ಲೂ ಪರಿಣತಿ ಪಡೆಯಲು ಒಂದು ವರ್ಷ ಸಾಲುವುದಿಲ್ಲ, ಯಾರಿಗೂ ಸಾಲುವುದಿಲ್ಲ. ಅದಕ್ಕೇ ಒಂದನ್ನು ಮನೆ ಮಾಡಿಕೊಳ್ಳಿ. ಅದರ ವಿಧಾನದಲ್ಲಿ ನಿಮ್ಮನ್ನು ಯಾರು ಪ್ರಶ್ನೆ ಕೇಳಿದರೂ ಉತ್ತರ ಇರಬೇಕು. ಇನ್ನೊಂದು ವಿಭಾಗ ನೆಂಟರ ಹಾಗೆ ಬರಲಿ. ಅದರಿಂದ ಒಂದು ಸಾಧನ ಅಥವಾ ಒಂದು ಪರಿಕಲ್ಪನೆ ತೆಗೆದುಕೊಳ್ಳಿ, ಅಷ್ಟನ್ನು ಸರಿಯಾಗಿ ಕಲಿಯಿರಿ. ಉಳಿದದ್ದರಲ್ಲಿ ನಿಮ್ಮ ಮಿತಿ ಏನು ಅಂತ ಥೀಸಿಸ್‌ನಲ್ಲೇ ಬರೆಯಿರಿ. ಎರವಲು ತಂದದ್ದನ್ನು ಎರವಲು ಅಂತ ಹೇಳಿದರೆ ಎಕ್ಸಾಮಿನರ್ ಗೌರವಿಸುತ್ತಾರೆ. ಮುಚ್ಚಿಟ್ಟರೆ ಮೊದಲು ಅಲ್ಲಿಗೇ ಕೈ ಹಾಕುತ್ತಾರೆ.

ಗೈಡ್ ಹುಡುಕುವಾಗಲೂ ಇದೇ ಕ್ರಮ. ಮನೆ ವಿಭಾಗದಿಂದ ಮುಖ್ಯ ಗೈಡ್, ನೆಂಟರ ವಿಭಾಗದಿಂದ ಇನ್ನೊಬ್ಬರು. ಹೆಸರಿಗಿಂತ ಸಮಯ ಮುಖ್ಯ. ಎರಡು ವಾರಕ್ಕೊಮ್ಮೆ ಅರ್ಧ ಗಂಟೆ ಕೊಡುವವರು, ವರ್ಷಕ್ಕೆ ಮೂರು ಸಲ ಸಿಗುವ ಪ್ರಸಿದ್ಧರಿಗಿಂತ ಉಪಕಾರಿ. ಇಬ್ಬರನ್ನೂ ಬೇರೆ ಬೇರೆಯಾಗಿ ಭೇಟಿಯಾಗುತ್ತಾ ಹೋದರೆ ಮೂರನೇ ತಿಂಗಳಿಗೆ ಎರಡು ವಿರುದ್ಧ ಸಲಹೆಗಳ ನಡುವೆ ಸಿಕ್ಕಿಕೊಳ್ಳುತ್ತೀರಿ. ಶುರುವಿನಲ್ಲೇ ಒಮ್ಮೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಒಂದೇ ಪ್ರಶ್ನೆ ಕೇಳಿ: "ಯಾವುದನ್ನು ನೋಡಿದರೆ ನಿಮಗೆ ಇದು ಒಳ್ಳೆಯ ಸಾಕ್ಷ್ಯ ಅನ್ನಿಸುತ್ತದೆ?" ಒಬ್ಬರು ಸಂಖ್ಯೆ ಅನ್ನಬಹುದು, ಇನ್ನೊಬ್ಬರು ಜನರ ಮಾತು ಅನ್ನಬಹುದು. ಆ ವ್ಯತ್ಯಾಸ ಅಲ್ಲೇ ಹೊರಬರಲಿ. ಮಾತಾಡಿದ್ದನ್ನು ಅದೇ ದಿನ ನಾಲ್ಕು ಸಾಲಿನ ಇಮೇಲ್ ಮಾಡಿ ಇಬ್ಬರಿಗೂ ಕಳಿಸಿ.

ಹೊರಗಿನ ಪಾಲುದಾರರು

ಇಲ್ಲಿ ಹೆಚ್ಚಿನವರು ತಡ ಮಾಡುತ್ತಾರೆ. ಪ್ರಶ್ನೆ ಗಟ್ಟಿಯಾದ ಮೇಲೆ "ಇಂಟರ್‌ವ್ಯೂ ಕೊಡ್ತೀರಾ" ಅಂತ ಕೇಳಲು ಹೋದರೆ ಅವರು ಬರೀ ಡೇಟಾ ಆಗಿಬಿಡುತ್ತಾರೆ. ಪ್ರಶ್ನೆ ಇನ್ನೂ ಹಸಿಯಾಗಿರುವಾಗಲೇ ಹೋಗಿ. ರಾತ್ರಿ ಪಾಳಿ ಮಾಡಿದ ಒಬ್ಬ ಅನುಭವಿ ನರ್ಸ್ ಜೊತೆ ಒಂದು ಗಂಟೆ ಕೂತು ಮಾತಾಡಿ. ಇದು ಸಂಶೋಧನೆಯ ಇಂಟರ್‌ವ್ಯೂ ಅಲ್ಲ, ರೆಕಾರ್ಡ್ ಮಾಡಬೇಡಿ, ಡೇಟಾ ಅಂತ ಬಳಸಬೇಡಿ. ಸುಮ್ನೆ ಕೇಳಿ: ನನ್ನ ಪ್ರಶ್ನೆ ನಿಮಗೆ ಸರಿ ಅನ್ನಿಸುತ್ತಾ? "ಸದ್ದಿನ ಮಟ್ಟ ಬಿಡಿ, ಯಾವ ಅಲಾರಂಗೆ ಎದ್ದು ಓಡಬೇಕು, ಯಾವುದಕ್ಕೆ ಬೇಡ ಅಂತ ತಿಳಿಯೋದೇ ನಮ್ಮ ಕಷ್ಟ" ಅಂತ ಅವರು ಹೇಳಿದರು ಅಂದುಕೊಳ್ಳಿ. ನಿಮ್ಮ ಥೀಸಿಸ್ ಅಲ್ಲಿಗೆ ಅರ್ಧ ಬದಲಾಯಿತು. ಬದಲಾಗಲಿ. ಅದಕ್ಕೇ ಹೋದದ್ದು ಅಲ್ವಾ?

ಪಾಲುದಾರರಿಗೆ ಏನು ಸಿಗುತ್ತದೆ, ಎಷ್ಟು ಸಮಯ ಬೇಕಾಗುತ್ತದೆ, ಫಲಿತಾಂಶ ಅವರಿಗೆ ಇಷ್ಟವಾಗದಿದ್ದರೆ ಏನು ಮಾಡುವುದು, ಹೆಸರು ಹಾಕಬೇಕೋ ಬೇಡವೋ, ಇಷ್ಟನ್ನು ಒಂದು ಪುಟದಲ್ಲಿ ಬರೆದು ಒಪ್ಪಿಗೆ ಪಡೆಯಿರಿ. ಇನ್ನೊಂದು ಮಾತು. ಸಂಸ್ಥೆಗಳಲ್ಲಿ ಜನ ವರ್ಗವಾಗುತ್ತಾರೆ, ಕೆಲಸ ಬಿಡುತ್ತಾರೆ. ಒಬ್ಬರನ್ನೇ ನೆಚ್ಚಿಕೊಳ್ಳಬೇಡಿ. ಆ ಜಾಗ ಪೂರ್ತಿ ಕೈತಪ್ಪಿದರೂ ಥೀಸಿಸ್ ಉಳಿಯುವಂಥ ಒಂದು ಚಿಕ್ಕ ಯೋಜನೆ ಕೈಯಲ್ಲಿರಲಿ. ಉದಾಹರಣೆಗೆ, ವಾರ್ಡಿನೊಳಗೆ ಅಳೆಯಲು ಅನುಮತಿ ಸಿಗದಿದ್ದರೆ, ಆಗಲೇ ಪ್ರಕಟವಾದ ಅಳತೆಗಳನ್ನು ಇಟ್ಟುಕೊಂಡು ನರ್ಸ್‌ಗಳ ಇಂಟರ್‌ವ್ಯೂ ಮಾತ್ರ ಮಾಡುವುದು.

ಓದುವುದು, ಪದಗಳ ಪಟ್ಟಿ ಮಾಡುವುದು

ಎರಡು ವಿಭಾಗದ ಸಂಶೋಧನಾ ಬರಹಗಳನ್ನು ಓದುವಾಗ ದೊಡ್ಡ ತೊಡಕು ಲೇಖನಗಳ ಸಂಖ್ಯೆಯಲ್ಲ, ಪದಗಳು. "ನಾಯ್ಸ್" ಅನ್ನುವ ಒಂದೇ ಪದ ನೋಡಿ. ಶಬ್ದ ವಿಜ್ಞಾನದವರಿಗೆ ಅದು ಬೇಡದ ಸದ್ದು. ಅಂಕಿಅಂಶದವರಿಗೆ ಡೇಟಾದಲ್ಲಿನ ಗೊತ್ತುಗುರಿಯಿಲ್ಲದ ಏರಿಳಿತ. ಮಲಗಿದ ರೋಗಿಗೆ ಪಕ್ಕದ ಹಾಸಿಗೆಯವರ ನರಳಾಟ. ಅದನ್ನು ಸದ್ದು ಅಂತ ಕರೆಯಲು ಅವರಿಗೆ ಮನಸ್ಸೇ ಬರದಿರಬಹುದು. ಮೊದಲ ವಾರದಿಂದ ಒಂದು ಪದಪಟ್ಟಿ ಇಡಿ. ಒಂದು ಪದ, ಯಾರು ಯಾವ ಅರ್ಥದಲ್ಲಿ ಬಳಸುತ್ತಾರೆ, ನಾನು ಯಾವ ಅರ್ಥದಲ್ಲಿ ಬಳಸುತ್ತೇನೆ. ಇಪ್ಪತ್ತು ಪದ ಆದರೆ ಸಾಕು. ನಂತರ ಇದೇ ಥೀಸಿಸ್‌ನ ಅತ್ಯಂತ ಉಪಯುಕ್ತ ಪುಟವಾಗುತ್ತದೆ.

ಎಲ್ಲವನ್ನೂ ಓದಲು ಹೋಗಬೇಡಿ. ಪ್ರತಿ ವಿಭಾಗದಲ್ಲಿ ಈಚಿನ ಒಂದು ಒಳ್ಳೆಯ ವಿಮರ್ಶಾ ಲೇಖನ (ಆ ವಿಷಯದ ಸಂಶೋಧನೆಗಳನ್ನು ಒಟ್ಟಿಗೆ ಇಟ್ಟು ನೋಡುವ ಲೇಖನ) ಹಿಡಿಯಿರಿ. ಅದು ಯಾರನ್ನು ಉಲ್ಲೇಖಿಸಿದೆ ಅಂತ ಹಿಂದಕ್ಕೆ ಹೋಗಿ, ಅದನ್ನು ಯಾರು ಉಲ್ಲೇಖಿಸಿದ್ದಾರೆ ಅಂತ ಮುಂದಕ್ಕೆ ಬನ್ನಿ. ಅದೇ ಹೆಸರುಗಳು ಸುತ್ತಿ ಸುತ್ತಿ ಬರತೊಡಗಿದರೆ ಆ ದಿಕ್ಕಿನಲ್ಲಿ ನಿಲ್ಲಿಸಬಹುದು. ಓದಿದ್ದನ್ನು, ಉಲ್ಲೇಖಗಳನ್ನು ಜೋಡಿಸಿಡುವ ಜೊಟೆರೊ ಥರದ ಉಚಿತ ತಂತ್ರಾಂಶದಲ್ಲಿ ಮೊದಲ ದಿನದಿಂದಲೇ ಸೇರಿಸಿ. ಪ್ರತಿ ಲೇಖನಕ್ಕೂ ನಿಮ್ಮದೇ ಮಾತಿನಲ್ಲಿ ಮೂರು ಸಾಲು ಬರೆಯಿರಿ: ಏನು ಹೇಳುತ್ತದೆ, ಹೇಗೆ ತಿಳಿದರು, ನನ್ನ ಪ್ರಶ್ನೆಗೆ ಏನು ಉಪಯೋಗ. ಮೂರನೆಯದಕ್ಕೆ ಉತ್ತರ ಇಲ್ಲದಿದ್ದರೆ ಆ ಲೇಖನ ಎಷ್ಟೇ ಚೆನ್ನಾಗಿದ್ದರೂ ಪಕ್ಕಕ್ಕಿಡಿ.

ಎಥಿಕ್ಸ್ ಅನುಮತಿ

ಜನರ ಜೊತೆ ಮಾಡುವ ಸಂಶೋಧನೆಗೆ ಸಾಮಾನ್ಯವಾಗಿ ಎಥಿಕ್ಸ್ ಕಮಿಟಿಯ, ಅಂದರೆ ಸಂಶೋಧನೆಯಿಂದ ಜನರಿಗೆ ಹಾನಿಯಾಗದಂತೆ ನೋಡಿಕೊಳ್ಳುವ ಸಮಿತಿಯ, ಅನುಮತಿ ಬೇಕು. ಅದು ಸಿಗುವ ಮೊದಲು ಒಂದೇ ಒಂದು ಇಂಟರ್‌ವ್ಯೂ ಕೂಡ ಮಾಡಬೇಡಿ. ನಂತರ ಅನುಮತಿ ಸಿಕ್ಕರೂ ಆ ಡೇಟಾವನ್ನು ಬಳಸುವ ಹಾಗಿರುವುದಿಲ್ಲ.

ಫಾರ್ಮ್ ತುಂಬುವುದು ಬೇಸರದ ಕೆಲಸ ಅನ್ನಿಸಬಹುದು, ಆದರೆ ಅದರ ಹಿಂದೆ, ಒಪ್ಪಿಗೆ ಕೇಳದೆ ಜನರ ಮೇಲೆ ಪ್ರಯೋಗ ಮಾಡಿದ ನೋವಿನ ಇತಿಹಾಸವಿದೆ. ವೈದ್ಯಕೀಯ ಸಂಶೋಧನೆ ಪಾಲಿಸಬೇಕಾದ ನೀತಿಗಳನ್ನು ಹೇಳುವ 1964ರ ಹೆಲ್ಸಿಂಕಿ ಘೋಷಣೆ ಬಂತು. ಅಮೆರಿಕದಲ್ಲಿ 1979ರ ಬೆಲ್ಮಾಂಟ್ ವರದಿ ಮೂರು ತತ್ವ ಹೇಳಿತು: ವ್ಯಕ್ತಿಗೆ ಗೌರವ, ಒಳಿತು ಮಾಡುವುದು, ನ್ಯಾಯ. ಒಳ್ಳೆಯ ಅರ್ಜಿ ಅಂದರೆ ಈ ಮೂರು ನಿಮ್ಮ ಕೆಲಸದಲ್ಲಿ ಎಲ್ಲಿ ಕಾಣುತ್ತವೆ ಅಂತ ಸರಳವಾಗಿ ಹೇಳುವುದು.

ಆನರ್ಸ್ ಮಟ್ಟದಲ್ಲಿ ಕಾಲ ಕಡಿಮೆ. ಹಾಗಾಗಿ ಅಪಾಯ ಕಡಿಮೆ ಇರುವ ರೀತಿಯಲ್ಲಿ ಕೆಲಸವನ್ನು ರೂಪಿಸುವುದು ಜಾಣತನ. ರೋಗಿಗಳನ್ನು ಮಾತಾಡಿಸುವ ಬದಲು ನರ್ಸ್‌ಗಳನ್ನು ಮಾತಾಡಿಸಿದರೆ ಅರ್ಜಿ ತುಂಬಾ ಹಗುರವಾಗುತ್ತದೆ. ವಾರ್ಡಿನ ಸದ್ದನ್ನು ರೆಕಾರ್ಡ್ ಮಾಡಿದರೆ ಜನರ ಖಾಸಗಿ ಮಾತೂ ಅದರಲ್ಲಿ ಬಂದುಬಿಡುತ್ತದೆ. ಬದಲಿಗೆ ಧ್ವನಿಯನ್ನು ಉಳಿಸಿಕೊಳ್ಳದೆ ಸದ್ದು ಎಷ್ಟು ಜೋರು ಅನ್ನುವ ಡೆಸಿಬಲ್ ಮಟ್ಟವನ್ನು ಮಾತ್ರ ಬರೆದಿಡುವ ಮೀಟರ್ ಬಳಸಿದರೆ ಆ ತೊಂದರೆಯೇ ಇಲ್ಲ. ಇಂಥ ಒಂದು ನಿರ್ಧಾರದಿಂದ ವಾರಗಟ್ಟಲೆ ಸಮಯ ಉಳಿಯಬಹುದು. ಮನಸ್ಸಿಗೂ ಸಮಾಧಾನ.

ಡೇಟಾ, ಮತ್ತು ಎರಡೂ ಸೇರುವ ಆ ಪುಟ

ನಿಜವಾದ ಫೀಲ್ಡ್‌ವರ್ಕ್‌ಗೆ ಮೊದಲು ಚಿಕ್ಕದಾಗಿ ಒಮ್ಮೆ ಮಾಡಿ ನೋಡಿ. ಒಂದು ಪ್ರಾಯೋಗಿಕ ಇಂಟರ್‌ವ್ಯೂ, ಒಂದು ರಾತ್ರಿಯ ಅಳತೆ. ನಿಮ್ಮ ಪ್ರಶ್ನೆಗಳಲ್ಲಿ ಅರ್ಧದಷ್ಟು ಅರ್ಥವಾಗುವ ಹಾಗಿಲ್ಲ ಅಂತ ಆಗಲೇ ತಿಳಿಯುತ್ತದೆ.

ನೆಂಟರ ವಿಭಾಗದ ಸಾಧನವನ್ನು ಅರ್ಧಂಬರ್ಧ ಕಲಿತರೆ ಏನಾಗುತ್ತದೆ ಅನ್ನುವುದಕ್ಕೆ ಡೆಸಿಬಲ್ ಒಳ್ಳೆಯ ಉದಾಹರಣೆ. ಅದು ಲಾಗರಿದಮ್ ಅಳತೆ, ಅಂದರೆ ಕೂಡುತ್ತಾ ಅಲ್ಲ, ಗುಣಿಸುತ್ತಾ ಏರುವ ಅಳತೆ. 3 ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಸುಮಾರು ಎರಡರಷ್ಟಾಗುತ್ತದೆ. ಕಿವಿಗೆ ಎರಡರಷ್ಟು ಜೋರು ಅನ್ನಿಸಲು ಸುಮಾರು 10 ಡೆಸಿಬಲ್ ಏರಬೇಕು. ಹಾಗಾಗಿ ಹತ್ತು ಅಳತೆಗಳನ್ನು ಕೂಡಿಸಿ ಹತ್ತರಿಂದ ಭಾಗಿಸಿದರೆ ಬರುವ ಸರಾಸರಿ ತಪ್ಪು. ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ವಾರ್ಡಿನ ರಾತ್ರಿಗೆ ಎರಡು ಮಿತಿ ಕೊಟ್ಟಿತು. ಸರಾಸರಿ ಮಟ್ಟಕ್ಕೆ 30 ಡೆಸಿಬಲ್, ಒಂದೊಂದು ಸದ್ದಿನ ಗರಿಷ್ಠಕ್ಕೆ 40. ಎರಡು ಯಾಕೆ? ರಾತ್ರಿಯಿಡೀ ಇರುವ ಫ್ಯಾನಿನ ಸದ್ದು ಬೇರೆ, ಮೂರು ಗಂಟೆಗೆ ಧಡ್ ಅಂತ ಬಡಿದ ಬಾಗಿಲು ಬೇರೆ. ಸರಾಸರಿಯೊಂದನ್ನೇ ನೋಡಿದರೆ ಆ ಬಾಗಿಲು ಕಾಣುವುದೇ ಇಲ್ಲ. ಇಷ್ಟನ್ನು ಆ ವಿಭಾಗದ ಯಾರ ಹತ್ತಿರವಾದರೂ ಎರಡು ಸಂಜೆ ಕೂತು ಕಲಿಯಬಹುದು. ಕಲಿಯದೆ ಬರೆದರೆ ಒಂದೇ ಪುಟಕ್ಕೆ ಥೀಸಿಸ್ ಬೀಳುತ್ತದೆ.

ಈಗ ಮುಖ್ಯ ಭಾಗ. ಎರಡು ಬಗೆಯ ಸಾಕ್ಷ್ಯವನ್ನು ಹೇಗೆ ಸೇರಿಸುವುದು? ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಎಡಗಡೆ ರಾತ್ರಿಯ ಗಂಟೆಗಳು. ಮೊದಲ ಅಂಕಣದಲ್ಲಿ ಮೀಟರ್ ಏನು ಹೇಳಿತು. ಎರಡನೆಯದರಲ್ಲಿ ಆ ಹೊತ್ತಿನ ಬಗ್ಗೆ ನರ್ಸ್‌ಗಳು ಏನು ಹೇಳಿದರು. ಮೂರನೆಯದು ಖಾಲಿ. ಎರಡನ್ನೂ ಒಟ್ಟಿಗೆ ನೋಡಿದಾಗ ಮಾತ್ರ ಹೊಳೆಯುವುದನ್ನು ಅಲ್ಲಿ ಬರೆಯಬೇಕು. ಈ ಖಾಲಿ ಕೋಷ್ಟಕವನ್ನು ಡೇಟಾ ಸಂಗ್ರಹಕ್ಕೆ ಮೊದಲೇ ಬರೆದಿಡಿ. ಗಂಟೆವಾರು ಮಾಹಿತಿ ಬೇಕು ಅಂತ ಮೊದಲೇ ಗೊತ್ತಿದ್ದರೆ ಇಂಟರ್‌ವ್ಯೂನಲ್ಲೂ ಗಂಟೆವಾರು ಕೇಳುತ್ತೀರಿ. ಗೊತ್ತಿಲ್ಲದಿದ್ದರೆ ಎರಡು ರಾಶಿ ಡೇಟಾ ಇರುತ್ತದೆ, ನಡುವೆ ಸೇತುವೆ ಇರುವುದಿಲ್ಲ.

ಎರಡೂ ಒಂದೇ ಮಾತು ಹೇಳಿದ ಸಾಲುಗಳು ಖುಷಿ ಕೊಡುತ್ತವೆ. ಆದರೆ ಥೀಸಿಸ್ ಇರುವುದು ಅವು ಜಗಳವಾಡುವ ಸಾಲುಗಳಲ್ಲಿ. ಮೀಟರ್ ಪ್ರಕಾರ ಶಾಂತವಾಗಿದ್ದ ರಾತ್ರಿ ಎರಡು ಗಂಟೆಯ ಸಮಯವನ್ನು ನರ್ಸ್‌ಗಳು ಅತಿ ಕಷ್ಟದ ಹೊತ್ತು ಅಂದರೆ, ಯಾರು ತಪ್ಪು ಅಂತ ಹುಡುಕಬೇಡಿ. ಮೆಲ್ಲನೆಯ ಅಲಾರಂ ಒಂದು ಪದೇ ಪದೇ ಬಂದು, ನಿಜವಾದದ್ದೋ ಸುಳ್ಳೋ ಅಂತ ಎದ್ದು ನೋಡುತ್ತಲೇ ಇರಬೇಕಾದ ದಣಿವು ಇರಬಹುದು. ಅದನ್ನು ಡೆಸಿಬಲ್ ಹಿಡಿಯುವುದಿಲ್ಲ. ವೈಟ್‌ಹೆಡ್ ಒಪ್ಪದೆ ಹೊರಟಿದ್ದರಿಂದಲೇ ಕಂಡದ್ದು ಇಂಥದ್ದು. ಹೊಂದದ ಸಾಲುಗಳನ್ನು ಅಳಿಸಿ ಚೆಂದ ಮಾಡುವ ಆಸೆ ಬಂದೇ ಬರುತ್ತದೆ. ದಯವಿಟ್ಟು ಮಾಡಬೇಡಿ.

ಸಮಯದ ಲೆಕ್ಕ

ನಿಮಗೆ ಸುಮಾರು 32 ವಾರ ಇದೆ ಅಂದುಕೊಂಡರೆ, ಪ್ರಶ್ನೆ, ಗೈಡ್, ಪಾಲುದಾರರಿಗೆ 6 ವಾರ ಕೊಡಿ. ಓದಿಗೆ ಮತ್ತು ಎಥಿಕ್ಸ್ ಅರ್ಜಿಗೆ ಜೊತೆಜೊತೆಯಾಗಿ 6. ಡೇಟಾಗೆ 7. ವಿಶ್ಲೇಷಣೆಗೆ ಮತ್ತು ಆ ಕೋಷ್ಟಕ ತುಂಬಲು 5. ಬರೆಯಲು, ತಿದ್ದಲು 8. ಹೆಚ್ಚಿನವರು ಡೇಟಾ ಹಂತವನ್ನು ಎಳೆದು ಎಳೆದು ವಿಶ್ಲೇಷಣೆಯನ್ನು ಎರಡು ವಾರಕ್ಕೆ ಇಳಿಸಿಬಿಡುತ್ತಾರೆ. ಎರಡು ವಿಭಾಗ ಸೇರುವುದೇ ಆ ಹಂತದಲ್ಲಿ ಅನ್ನುವಾಗ ಇದು ತುಂಬಾ ನಷ್ಟ. ಹೆಚ್ಚು ಡೇಟಾಗಿಂತ ಚೆನ್ನಾಗಿ ಯೋಚಿಸಿದ ಸ್ವಲ್ಪ ಡೇಟಾ ವಾಸಿ.

ಫೈಲುಗಳ ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಕಡೆ, ಒಂದು ಮನೆಯಿಂದ ಹೊರಗೆ ಅಥವಾ ಕ್ಲೌಡ್‌ನಲ್ಲಿ. ಜನರ ಹೆಸರಿರುವ ಫೈಲನ್ನು ಮಾತ್ರ ಯೂನಿವರ್ಸಿಟಿ ಒಪ್ಪಿದ ಜಾಗದಲ್ಲೇ ಇಡಿ.

ಬರೆಯುವುದು

ಪೀಠಿಕೆಯಿಂದ ಶುರು ಮಾಡಬೇಡಿ. ವಿಧಾನದ ಅಧ್ಯಾಯ ಮೊದಲು ಬರೆಯಿರಿ, ಮಾಡಿದ್ದು ನೆನಪಿರುವಾಗಲೇ. ಆಮೇಲೆ ಫಲಿತಾಂಶ, ಆಮೇಲೆ ಎರಡೂ ಸೇರುವ ಅಧ್ಯಾಯ. ಲಿಟರೇಚರ್ ರಿವ್ಯೂವನ್ನು, ಅಂದರೆ ಹಿಂದಿನ ಸಂಶೋಧನೆಗಳನ್ನು ನೋಡುವ ಅಧ್ಯಾಯವನ್ನು, ಅದರ ನಂತರ ತಿದ್ದಿ. ಪೀಠಿಕೆ ಕೊನೆಗೆ. ಸೇರುವ ಅಧ್ಯಾಯಕ್ಕೆ ಕನಿಷ್ಠ ಕಾಲು ಭಾಗ ಪದಗಳನ್ನು ಮೀಸಲಿಡಿ. ನಾನು ನೋಡಿದ ದುರ್ಬಲ ಥೀಸಿಸ್‌ಗಳಲ್ಲಿ ಅದು ಕೊನೆಯ ಎರಡು ಪುಟಕ್ಕೆ ಕುಗ್ಗಿರುತ್ತಿತ್ತು.

ನಿಮ್ಮ ಎಕ್ಸಾಮಿನರ್‌ಗಳಲ್ಲಿ ಯಾರಾದರೂ ಒಬ್ಬರಿಗೆ ನಿಮ್ಮ ಒಂದು ವಿಭಾಗ ಹೊಸದಾಗಿರುತ್ತದೆ. ಅದಕ್ಕೆ ವಿಧಾನದ ಅಧ್ಯಾಯದಲ್ಲಿ ಒಂದು ಪ್ಯಾರಾ ಬರೆಯಿರಿ: ಈ ಕೆಲಸವನ್ನು ಯಾವ ಅಳತೆಗೋಲಿನಿಂದ ನೋಡಬೇಕು. "ಹತ್ತು ಇಂಟರ್‌ವ್ಯೂಗಳಿಂದ ಎಲ್ಲ ಆಸ್ಪತ್ರೆಗಳ ಬಗ್ಗೆ ಹೇಳುತ್ತಿಲ್ಲ. ಒಂದು ವಾರ್ಡಿನಲ್ಲಿ ಅಳತೆ ಮತ್ತು ಅನುಭವ ಎಲ್ಲಿ ಬೇರೆಯಾಗುತ್ತವೆ ಅಂತ ತೋರಿಸುತ್ತಿದ್ದೇನೆ." ಹೀಗೆ ನೇರವಾಗಿ ಹೇಳಿದರೆ ಸ್ಯಾಂಪಲ್ ಚಿಕ್ಕದು ಅನ್ನುವ ಆಕ್ಷೇಪ ಬರುವ ಮೊದಲೇ ಉತ್ತರ ಸಿಕ್ಕಿರುತ್ತದೆ. ನೀವು ಯಾರು, ಈ ಜಾಗಕ್ಕೆ ಏನು ಸಂಬಂಧ ಅಂತಲೂ ಎರಡು ಸಾಲು ಇರಲಿ. ಎಐ ಸಾಧನ ಬಳಸಿದ್ದರೆ ನಿಮ್ಮ ಯೂನಿವರ್ಸಿಟಿಯ ನಿಯಮ ಓದಿ, ಬಳಸಿದ್ದನ್ನು ಹೇಳಿ.

ಕರಡನ್ನು ಇಬ್ಬರಿಗೆ ಓದಲು ಕೊಡಿ. ಒಬ್ಬರು ನಿಮ್ಮ ಮನೆ ವಿಭಾಗದವರು, ಇನ್ನೊಬ್ಬರು ಎರಡೂ ಗೊತ್ತಿಲ್ಲದವರು. ಎರಡನೆಯವರು ತಡವರಿಸಿದ ಜಾಗಗಳಲ್ಲಿ ಪೆನ್ಸಿಲ್ ಗುರುತು ಹಾಕಲು ಹೇಳಿ. ವಿವರಣೆ ಕೇಳಬೇಡಿ, ಗುರುತು ಸಾಕು.

ಸಬ್ಮಿಷನ್, ವೈವಾ, ಮತ್ತೆ ವಾರ್ಡಿಗೆ

ಕೊನೆಯ ವಾರ ಹೊಸದೇನೂ ಸೇರಿಸಬೇಡಿ. ಪುಟಸಂಖ್ಯೆ, ಚಿತ್ರದ ಶೀರ್ಷಿಕೆ, ಉಲ್ಲೇಖಗಳು, ಎಥಿಕ್ಸ್ ಅನುಮತಿ ಪತ್ರ, ಅಷ್ಟೇ. ಗಡುವಿಗೆ ಎರಡು ದಿನ ಮೊದಲು ಒಪ್ಪಿಸಿ.

ವೈವಾ (ಮೌಖಿಕ ಪರೀಕ್ಷೆ) ಇದ್ದರೆ ಮೂರು ಪ್ರಶ್ನೆಗೆ ಬಾಯಿಬಿಟ್ಟು ಉತ್ತರ ಹೇಳಿ ಅಭ್ಯಾಸ ಮಾಡಿ. ಒಂದೇ ವಿಭಾಗದಲ್ಲಿ ಇದನ್ನು ಯಾಕೆ ಮಾಡಲಾಗುತ್ತಿರಲಿಲ್ಲ? ಎರಡು ಸಾಕ್ಷ್ಯ ಹೊಂದದಿದ್ದಾಗ ಯಾವುದನ್ನು ನಂಬಿದಿರಿ, ಯಾಕೆ? ಪಾಲುದಾರರಿಂದ ನಿಮ್ಮ ಪ್ರಶ್ನೆ ಹೇಗೆ ಬದಲಾಯಿತು? ಮೂರನೆಯದಕ್ಕೆ ದಿನಾಂಕದ ಸಮೇತ ಹೇಳುವ ಹಾಗಿರಬೇಕು. ಅದಕ್ಕೇ ಮೊದಲ ದಿನದಿಂದ ಪ್ರಶ್ನೆಯ ಪ್ರತಿ ರೂಪವನ್ನೂ ದಿನಾಂಕ ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಅಂಕ ಬಂದ ಮೇಲೆ ಒಂದು ಕೆಲಸ ಉಳಿದಿರುತ್ತದೆ. ಥೀಸಿಸ್‌ನ ಸಾರವನ್ನು ಎರಡು ಪುಟಕ್ಕೆ ಇಳಿಸಿ. ಪರಿಭಾಷೆ ಬೇಡ, ಆ ಕೋಷ್ಟಕ ಇರಲಿ. ಅದನ್ನು ಹಿಡಿದು, ಮೊದಲ ದಿನ ನಿಮ್ಮ ಪ್ರಶ್ನೆಯನ್ನು ತಿದ್ದಿದ ಆ ನರ್ಸ್ ಹತ್ತಿರ ಹೋಗಿ. ಅವರ ಪಾಳಿ ಶುರುವಾಗುವ ಮೊದಲು ಹತ್ತು ನಿಮಿಷ ಕೇಳಿ. ಮೂರನೇ ಅಂಕಣದಲ್ಲಿ ಎಲ್ಲಿ ತಪ್ಪಾಗಿದೆ ಅಂತ ತೋರಿಸಲು ಹೇಳಿ, ಪೆನ್ಸಿಲ್ ಅವರ ಕೈಗೆ ಕೊಡಿ.